ಅಂಕಣದ ಒಳಗೂ ಹೊರಗೂ: ಆಟಗಾರನ ನಡತೆಗೆ ಅಳತೆಗೋಲು ಯಾವುದು?

ಅಜ್ಜೀಪುರ: 2025ರ ಆರಂಭದ ಕೆಲವೇ ವಾರಗಳಲ್ಲಿ ರಾಜ್ಯದ ಕ್ರೀಡಾಪಟುಗಳ ನಡತೆಯನ್ನು ಕುರಿತು ಎರಡು ಬಗೆಯ ಚರ್ಚೆಗಳು ನಡೆದವು. ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೊಖೊ ವಿಶ್ವಕಪ್‌ನಲ್ಲಿ ಭಾರತದ ಪುರುಷ ಹಾಗೂ ಮಹಿಳಾ ತಂಡಗಳೆರಡೂ ಪ್ರಶಸ್ತಿ ಗೆದ್ದವು. ಆ ತಂಡಗಳಲ್ಲಿದ್ದ ಕರ್ನಾಟಕದ ಎಂ.ಕೆ. ಗೌತಮ್ ಮತ್ತು ಬಿ. ಚೈತ್ರಾ, ರಾಜ್ಯ ಸರ್ಕಾರ ಪ್ರಕಟಿಸಿದ ತಲಾ 5 ಲಕ್ಷ ರೂಪಾಯಿ ಬಹುಮಾನವನ್ನು ಒಪ್ಪಿಕೊಳ್ಳಲು ನಿರಾಕರಿಸಿದರು. ಫೆಬ್ರುವರಿ ಮೊದಲ ವಾರದಲ್ಲಿ ಬೆಂಗಳೂರಿನ ಕನಿಂಗ್‌ಹ್ಯಾಂ ರಸ್ತೆಯಲ್ಲಿ ತಮ್ಮ ಕಾರಿಗೆ ಸರಕು ಆಟೊವೊಂದು ತಾಗಿದ ವಿಚಾರವಾಗಿ ರಾಹುಲ್ ದ್ರಾವಿಡ್ ಚಾಲಕನೊಂದಿಗೆ ಮಾತಿಗೆ ಮಾತು ಬೆಳೆಸಿದ ದೃಶ್ಯ ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡಿತು.

ಮೊದಲನೆಯದರಲ್ಲಿ ದುರಾಸೆಯನ್ನು ಕಂಡವರಿದ್ದರು, ಸ್ವಾಭಿಮಾನವನ್ನು ಕಂಡವರೂ ಇದ್ದರು. ಎರಡನೆಯದರಲ್ಲಿ ಸಜ್ಜನನೊಬ್ಬನ ನಿಜರೂಪ ಬಯಲಾಯಿತೆಂದು ನಕ್ಕವರಿದ್ದರು, ಇಷ್ಟಕ್ಕೆ ಯಾರಿಗಾದರೂ ಸಿಟ್ಟು ಬರುತ್ತದೆಂದು ಸುಮ್ಮನಾದವರೂ ಇದ್ದರು. ತೀರ್ಪುಗಳು ಬೇರೆ ಬೇರೆಯಾದರೂ ಅವುಗಳ ಹಿಂದಿದ್ದ ನಂಬಿಕೆ ಒಂದೇ. ಆಟಗಾರನ ಒಂದು ಮಾತು ಅಥವಾ ಒಂದು ನಡೆಯನ್ನು ನೋಡಿ ಅವನ ಚಾರಿತ್ರ್ಯವನ್ನು ಅಳೆಯಬಹುದು ಎಂಬ ಆ ನಂಬಿಕೆ ಎಷ್ಟು ಸರಿ ಎಂಬುದನ್ನು ಪರಿಶೀಲಿಸಬೇಕಾಗಿದೆ.

ಇದು ಕೇವಲ ನಗರದವರ ಹರಟೆಯ ವಿಷಯವಲ್ಲ. ಚೈತ್ರಾ ಅವರ ಊರಾದ ಕುರುಬೂರು ಇರುವುದು ಕೊಳ್ಳೇಗಾಲಕ್ಕೆ ನೆರೆಯ ತಿ. ನರಸೀಪುರ ತಾಲ್ಲೂಕಿನಲ್ಲಿ. ಹನೂರು ತಾಲ್ಲೂಕಿನ ಅಜ್ಜೀಪುರ, ರಾಮಾಪುರ, ಕೌದಳ್ಳಿಯಂಥ ಊರುಗಳ ಹುಡುಗ ಹುಡುಗಿಯರಿಗೆ ಆಟವೆಂಬುದು ಸಮವಸ್ತ್ರದ ನೌಕರಿಗೆ, ಕಾಲೇಜಿನ ಕ್ರೀಡಾ ಮೀಸಲು ಸೀಟಿಗೆ, ಊರಾಚೆಯ ಬದುಕಿಗೆ ಇರುವ ಕೆಲವೇ ದಾರಿಗಳಲ್ಲಿ ಒಂದು. ಮಗಳನ್ನು ಶಿಬಿರಕ್ಕೆ ಕಳುಹಿಸಬೇಕೇ ಬೇಡವೇ ಎಂದು ತಂದೆತಾಯಿ ನಿರ್ಧರಿಸುವಾಗ ಹೆಸರಾಂತ ಆಟಗಾರರ ಬಗ್ಗೆ ತಾವು ಕೇಳಿದ ಒಳ್ಳೆಯ ಮಾತು, ಕೆಟ್ಟ ಮಾತು ಎರಡೂ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ಅಳತೆಗೋಲು ಸರಿಯಾಗಿರಬೇಕಾದುದು ಅಗತ್ಯ.

ಯಾರೂ ಕೇಳದಿದ್ದಾಗ ಹೇಳಿದ ಸತ್ಯ

ಅಂಕಣದೊಳಗಿನ ನಡತೆಯಿಂದ ಏನನ್ನೂ ತಿಳಿಯಲಾಗದು ಎಂಬ ವಾದವನ್ನು ಒಪ್ಪಲಾಗದು. ಅದಕ್ಕೆ ಕರ್ನಾಟಕದ ಕ್ರೀಡಾ ಇತಿಹಾಸದಲ್ಲೇ ಸಾಕಷ್ಟು ನಿದರ್ಶನಗಳಿವೆ.

1980ರ ಫೆಬ್ರುವರಿಯಲ್ಲಿ ಮುಂಬೈನ ವಾಂಖೆಡೆ ಕ್ರೀಡಾಂಗಣದಲ್ಲಿ ಭಾರತ ಮತ್ತು ಇಂಗ್ಲೆಂಡ್ ನಡುವೆ ಸುವರ್ಣ ಮಹೋತ್ಸವ ಟೆಸ್ಟ್ ನಡೆಯಿತು. ಭಾರತ ತಂಡದ ನಾಯಕ ಭದ್ರಾವತಿಯಲ್ಲಿ ಜನಿಸಿದ ಜಿ.ಆರ್. ವಿಶ್ವನಾಥ್. ಇಂಗ್ಲೆಂಡ್ 58 ರನ್ನಿಗೆ 5 ವಿಕೆಟ್ ಕಳೆದುಕೊಂಡಿತ್ತು. ವಿಕೆಟ್‌ಕೀಪರ್ ಬಾಬ್ ಟೇಲರ್ ಕ್ಯಾಚಿತ್ತು ಔಟಾದರೆಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನಗಂಡ ವಿಶ್ವನಾಥ್, ಅಂಪೈರ್ ಜತೆ ಮಾತನಾಡಿ ಟೇಲರ್ ಅವರನ್ನು ಮರಳಿ ಕರೆಸಿದರು. ಆ ಬಳಿಕ ಟೇಲರ್ ಮತ್ತು ಇಯಾನ್ ಬೋಥಮ್ 171 ರನ್ ಸೇರಿಸಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು.

ಇಲ್ಲಿ ಗಮನಿಸಬೇಕಾದ ಅಂಶ ಮೂರು. ತೀರ್ಪು ಅವರ ಪರವಾಗಿಯೇ ಇತ್ತು. ಅವರು ಸುಮ್ಮನಿದ್ದಿದ್ದರೆ ಯಾರೂ ದೂರುತ್ತಿರಲಿಲ್ಲ. ಸತ್ಯ ಹೇಳಿದ್ದರ ಬೆಲೆಯನ್ನು ಅವರ ತಂಡವೇ ತೆರಬೇಕಾಯಿತು.

43 ವರ್ಷಗಳ ನಂತರ ನ್ಯೂಯಾರ್ಕ್‌ನಲ್ಲಿ ಕೊಡಗಿನ ರೋಹನ್ ಬೋಪಣ್ಣ ಇದೇ ಬಗೆಯ ಪರೀಕ್ಷೆ ಎದುರಿಸಿದರು. 2023ರ ಅಮೆರಿಕ ಓಪನ್ ಪುರುಷರ ಡಬಲ್ಸ್ ಫೈನಲ್‌ನಲ್ಲಿ ಮ್ಯಾಥ್ಯೂ ಎಬ್ಡೆನ್ ಜತೆಗೂಡಿ ರಾಜೀವ್ ರಾಮ್ ಮತ್ತು ಜೋ ಸಾಲಿಸ್‌ಬರಿ ವಿರುದ್ಧ ಆಡುತ್ತಿದ್ದ ಅವರು, ನಿರ್ಣಾಯಕವಾದ ಮೂರನೇ ಸೆಟ್‌ನಲ್ಲಿ ಚೆಂಡು ತಮ್ಮ ತೋಳಿಗೆ ಸವರಿತೆಂದು ತಾವಾಗಿಯೇ ಹೇಳಿ ಅಂಕವನ್ನು ಎದುರಾಳಿಗೆ ಬಿಟ್ಟುಕೊಟ್ಟರು. ಬೋಪಣ್ಣ ಅವರಿಗೆ ಆಗ 43 ವರ್ಷ. ಪುರುಷರ ಡಬಲ್ಸ್‌ನಲ್ಲಿ ಗ್ರ್ಯಾನ್‌ಸ್ಲ್ಯಾಮ್ ಪ್ರಶಸ್ತಿ ಅದುವರೆಗೂ ಅವರ ಕೈಗೆ ಸಿಕ್ಕಿರಲಿಲ್ಲ. ಆ ದಿನವೂ ಸಿಗಲಿಲ್ಲ. 2-6, 6-3, 6-4ರಿಂದ ರಾಮ್ ಜೋಡಿಯೇ ಗೆದ್ದಿತು. 2024ರ ಜನವರಿಯಲ್ಲಿ ಆಸ್ಟ್ರೇಲಿಯಾ ಓಪನ್ ಗೆದ್ದ ಬೋಪಣ್ಣ, ಡಬಲ್ಸ್ ವಿಶ್ವ ಕ್ರಮಾಂಕದಲ್ಲಿ ಮೊದಲ ಸ್ಥಾನಕ್ಕೇರಿದ ಅತಿ ಹಿರಿಯ ಆಟಗಾರ ಎನಿಸಿದರು. ಆ ಪ್ರಶಸ್ತಿ ಬಾರದೇ ಹೋಗಿದ್ದರೂ ನ್ಯೂಯಾರ್ಕ್‌ನ ಆ ಅಂಕದ ತೂಕ ಕಡಿಮೆಯಾಗುತ್ತಿರಲಿಲ್ಲ.

ಕ್ಯಾಮೆರಾ ಮುಂದೆ ಎದುರಾಳಿಯ ಬೆನ್ನು ತಟ್ಟುವುದು ಸುಲಭ. ಅದಕ್ಕೆ ಖರ್ಚಿಲ್ಲ. ಲಾಭ ಕೈಯಲ್ಲಿರುವಾಗಲೇ ಅದನ್ನು ಬಿಟ್ಟುಕೊಡುವ ನಡೆ ಮಾತ್ರ ಒಳಗಿನದನ್ನು ತೋರಿಸುತ್ತದೆ.

ಒಂದೇ ಗಳಿಗೆಯ ತೀರ್ಪು

ಹಾಗೆಂದು ಒಂದೇ ಗಳಿಗೆಯನ್ನು ಹಿಡಿದು ಇಡೀ ಬದುಕಿಗೆ ತೀರ್ಪು ಕೊಡಬಹುದೇ? ದ್ರಾವಿಡ್ ಅವರ ಉದಾಹರಣೆ ಇಲ್ಲಿ ಉಪಯುಕ್ತ. ಸಜ್ಜನಿಕೆಗೆ ಮತ್ತೊಂದು ಹೆಸರೆಂದು ಕನ್ನಡಿಗರು ಭಾವಿಸುವ ಈ ಆಟಗಾರನಿಗೆ 2004ರ ಜನವರಿಯಲ್ಲಿ ದಂಡ ಬಿದ್ದಿತ್ತು. ಬ್ರಿಸ್ಬೇನ್‌ನಲ್ಲಿ ಜಿಂಬಾಬ್ವೆ ವಿರುದ್ಧದ ಏಕದಿನ ಪಂದ್ಯದಲ್ಲಿ ಬಾಯಲ್ಲಿದ್ದ ಕೆಮ್ಮಿನ ಮಿಠಾಯಿಯ ಅಂಶವನ್ನು ಚೆಂಡಿಗೆ ಸವರಿದ್ದು ಟಿವಿ ದೃಶ್ಯಗಳಲ್ಲಿ ಕಂಡುಬಂದ ಕಾರಣ, ಪಂದ್ಯದ ರೆಫರಿ ಕ್ಲೈವ್ ಲಾಯ್ಡ್ ಪಂದ್ಯ ಶುಲ್ಕದ ಅರ್ಧ ಭಾಗವನ್ನು ದಂಡವಾಗಿ ವಿಧಿಸಿದರು. ಉದ್ದೇಶಪೂರ್ವಕವಲ್ಲವೆಂದು ತಂಡ ಹೇಳಿತ್ತು. ಆದರೂ ನಿಯಮ ಮುರಿದದ್ದು ಮುರಿದದ್ದೇ.

ಅಂದಿನ ಆ ದೃಶ್ಯವೊಂದನ್ನೇ ಕಂಡವನು ದ್ರಾವಿಡ್ ಮೋಸಗಾರನೆಂದು ತೀರ್ಮಾನಿಸಬಹುದಿತ್ತು. ಮುಂದಿನ ದಾಖಲೆ ಬೇರೆಯದನ್ನೇ ಹೇಳುತ್ತದೆ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ನೀಡಲಿದ್ದ ಗೌರವ ಡಾಕ್ಟರೇಟನ್ನು ಅವರು ವಿನಯದಿಂದ ನಿರಾಕರಿಸಿದರು. 2018ರಲ್ಲಿ 19 ವರ್ಷದೊಳಗಿನವರ ತಂಡ ವಿಶ್ವಕಪ್ ಗೆದ್ದಾಗ ಕ್ರಿಕೆಟ್ ಮಂಡಳಿ ಕೋಚ್ ದ್ರಾವಿಡ್ ಅವರಿಗೆ 50 ಲಕ್ಷ, ನೆರವು ಸಿಬ್ಬಂದಿಗೆ ತಲಾ 20 ಲಕ್ಷ ರೂಪಾಯಿ ಪ್ರಕಟಿಸಿತು. ಎಲ್ಲರಿಗೂ ಸಮಾನವಾಗಿರಲೆಂದು ಅವರು ಕೋರಿದ ಮೇಲೆ ಮೊತ್ತ ತಲಾ 25 ಲಕ್ಷವಾಯಿತು. ಅಂದರೆ ತಮಗೆ ಬರಬೇಕಿದ್ದುದರಲ್ಲಿ ಅರ್ಧವನ್ನು ಅವರು ಬಿಟ್ಟುಕೊಟ್ಟಂತಾಯಿತು.

2021ರಲ್ಲಿ ಜಾಹೀರಾತೊಂದು ಅವರನ್ನು ಟ್ರಾಫಿಕ್ಕಿನಲ್ಲಿ ಕೂಗಾಡುವ ಇಂದಿರಾನಗರದ ಗೂಂಡಾ ಎಂಬಂತೆ ತೋರಿಸಿದಾಗ ಜನ ನಕ್ಕಿದ್ದು, ಆ ವೇಷ ಅವರಿಗೆ ಒಪ್ಪುವುದಿಲ್ಲವೆಂಬ ಕಾರಣಕ್ಕೇ. 2025ರ ರಸ್ತೆ ಜಗಳದ ವಿಡಿಯೊ ಸುದ್ದಿಯಾದುದೂ ಅದೇ ಕಾರಣದಿಂದ. ಕೆಲವೇ ಸೆಕೆಂಡುಗಳ ಆ ದೃಶ್ಯ, ಮನುಷ್ಯನೊಬ್ಬನಿಗೆ ಸಿಟ್ಟು ಬಂದಿತ್ತು ಎಂಬುದಕ್ಕಿಂತ ಹೆಚ್ಚಿನದೇನನ್ನೂ ಸಾಬೀತುಪಡಿಸುವುದಿಲ್ಲ. ಎರಡು ದಶಕಗಳ ನಡತೆಯನ್ನು ಒಂದು ತಕ್ಕಡಿಯಲ್ಲೂ ಒಂದು ಸಂಜೆಯ ಸಿಡುಕನ್ನು ಇನ್ನೊಂದರಲ್ಲೂ ಇಟ್ಟರೆ ಯಾವುದು ಭಾರ ಎಂಬುದನ್ನು ವಿವರಿಸಬೇಕಾಗಿಲ್ಲ.

ವಿಧೇಯತೆಯೇ ಚಾರಿತ್ರ್ಯವಲ್ಲ

ಅಂಕಣದ ಹೊರಗಿನ ನಡತೆಯ ವಿಷಯಕ್ಕೆ ಬಂದರೆ ಗೊಂದಲ ಇನ್ನೂ ಹೆಚ್ಚು. ಇಲ್ಲಿ ಸಮಾಜವೂ ಕ್ರೀಡಾ ಸಂಸ್ಥೆಗಳೂ ಮಾಡುವ ದೊಡ್ಡ ತಪ್ಪೆಂದರೆ, ಹೇಳಿದ್ದನ್ನು ಕೇಳುವವನೇ ಗುಣವಂತ, ಪ್ರಶ್ನಿಸುವವನು ಅಹಂಕಾರಿ ಎಂದು ಭಾವಿಸುವುದು.

ನ್ಯೂಯಾರ್ಕ್‌ನಲ್ಲಿ ಅಂಕ ಬಿಟ್ಟುಕೊಟ್ಟ ಅದೇ ಬೋಪಣ್ಣ, 2012ರಲ್ಲಿ ದೇಶದ ಹಿತಕ್ಕಿಂತ ಸ್ವಂತ ಹಟವನ್ನು ದೊಡ್ಡದು ಮಾಡಿಕೊಂಡವರೆಂಬ ಟೀಕೆಗೆ ಗುರಿಯಾಗಿದ್ದರು. ಲಂಡನ್ ಒಲಿಂಪಿಕ್ಸ್‌ಗೆ ಲಿಯಾಂಡರ್ ಪೇಸ್ ಜತೆ ಆಡಲು ಮೊದಲು ಮಹೇಶ್ ಭೂಪತಿ, ಬಳಿಕ ಬೋಪಣ್ಣ ಒಪ್ಪಲಿಲ್ಲ. ಕೊನೆಗೆ ಅಖಿಲ ಭಾರತ ಟೆನಿಸ್ ಸಂಸ್ಥೆ ಎರಡು ಜೋಡಿಗಳನ್ನು ಕಳುಹಿಸಿತು. ಎರಡೂ ಎರಡನೇ ಸುತ್ತಿನಲ್ಲಿ ಸೋತವು. ಆನಂತರ ಭೂಪತಿ ಮತ್ತು ಬೋಪಣ್ಣ ಅವರನ್ನು 2014ರ ಜೂನ್ ತನಕ ರಾಷ್ಟ್ರೀಯ ತಂಡಕ್ಕೆ ಪರಿಗಣಿಸುವುದಿಲ್ಲವೆಂದು ಸಂಸ್ಥೆ ಪ್ರಕಟಿಸಿತು. ಈ ನಿರ್ಧಾರಕ್ಕೆ ಕರ್ನಾಟಕ ಹೈಕೋರ್ಟ್ ತಡೆ ನೀಡಿತು.

2013ರ ಆರಂಭದಲ್ಲಿ ಸೋಮದೇವ್ ದೇವ್‌ವರ್ಮನ್ ಮುಂದಾಳತ್ವದಲ್ಲಿ ಆಟಗಾರರು ಡೇವಿಸ್ ಕಪ್ ಪಂದ್ಯವನ್ನೇ ಬಹಿಷ್ಕರಿಸಿದರು. ಬೋಪಣ್ಣ ಅವರೂ ಆ ಗುಂಪಿನಲ್ಲಿದ್ದರು. ತಂಡಕ್ಕೆ ತಕ್ಕ ಫಿಸಿಯೊ ಮತ್ತು ನೆರವು ಸಿಬ್ಬಂದಿ, ಬಹುಮಾನದ ಹಣದಲ್ಲಿ ನ್ಯಾಯವಾದ ಪಾಲು ಅವರ ಬೇಡಿಕೆಗಳಲ್ಲಿದ್ದವು. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್ ಪ್ರವೇಶದ ವಿಚಾರದಲ್ಲಿ ಸಂಸ್ಥೆಯ ಪದಾಧಿಕಾರಿಯೊಂದಿಗಿನ ದೂರವಾಣಿ ಸಂಭಾಷಣೆಯನ್ನು ಬೋಪಣ್ಣ ಬಹಿರಂಗಪಡಿಸಿದಾಗ ಮತ್ತೊಮ್ಮೆ ವಿವಾದವೆದ್ದಿತು.

ಈ ಮೂರೂ ಪ್ರಸಂಗಗಳಲ್ಲಿ ಬೋಪಣ್ಣ ಅವರದೇ ಸರಿ ಎನ್ನಬೇಕಾಗಿಲ್ಲ. ದೂರವಾಣಿ ಸಂಭಾಷಣೆಯನ್ನು ಹೀಗೆ ಹೊರಗೆಡಹಬಹುದೇ ಎಂಬ ಪ್ರಶ್ನೆಗೆ ಅರ್ಥವಿದೆ. ಆದರೆ ಇವು ಕೆಲಸದ ಷರತ್ತುಗಳನ್ನು ಕುರಿತ ವಿವಾದಗಳು. ಕಾರ್ಖಾನೆಯ ನೌಕರ ಆಡಳಿತ ಮಂಡಳಿಯೊಂದಿಗೆ ತಕರಾರು ತೆಗೆದರೆ ಅವನ ಶೀಲವನ್ನು ಯಾರೂ ಶಂಕಿಸುವುದಿಲ್ಲ. ವೃತ್ತಿಪರ ಆಟಗಾರ ತಕರಾರು ತೆಗೆದರೆ ಮಾತ್ರ ಅದು ದೇಶಭಕ್ತಿಯ ಪ್ರಶ್ನೆಯಾಗಿಬಿಡುತ್ತದೆ. ಇದೇ ಬೋಪಣ್ಣ 2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಅವರೊಂದಿಗೆ ಅಮೆರಿಕ ಓಪನ್ ಫೈನಲ್ ತಲುಪಿ, ಯುದ್ಧ ನಿಲ್ಲಿಸಿ ಟೆನಿಸ್ ಆರಂಭಿಸಿ ಎಂಬ ಸಂದೇಶ ಸಾರಿದ್ದರು. ಆ ಪಂದ್ಯವನ್ನು ವಿಶ್ವಸಂಸ್ಥೆಯಲ್ಲಿನ ಎರಡೂ ದೇಶಗಳ ರಾಯಭಾರಿಗಳು ಒಟ್ಟಿಗೆ ಕುಳಿತು ನೋಡಿದ್ದರು. ಜತೆಗಾರನೊಂದಿಗೆ ಹೊಂದಿಕೊಳ್ಳಲಾರದವರು ಎಂಬ ಆರೋಪ ಈ ದಾಖಲೆಯ ಮುಂದೆ ನಿಲ್ಲುವುದಿಲ್ಲ. 2025ರ ನವೆಂಬರ್‌ನಲ್ಲಿ ಅವರು ವೃತ್ತಿಪರ ಟೆನಿಸ್‌ಗೆ ವಿದಾಯ ಹೇಳಿದಾಗ ಬಂದ ಪ್ರಶಂಸೆಗಳಲ್ಲಿ 2012ರ ಕಹಿಯ ನೆನಪು ಹೆಚ್ಚೇನೂ ಉಳಿದಿರಲಿಲ್ಲ.

ಖೊಖೊ ಆಟಗಾರರ ನಿರಾಕರಣೆಯನ್ನೂ ಹೀಗೆಯೇ ನೋಡಬೇಕು. ಅದೇ ವಿಶ್ವಕಪ್‌ನಲ್ಲಿ ಆಡಿದ ತನ್ನ ಆಟಗಾರರಿಗೆ ಮಹಾರಾಷ್ಟ್ರ ಸರ್ಕಾರ ತಲಾ 2.25 ಕೋಟಿ ರೂಪಾಯಿ ಪ್ರಕಟಿಸಿತ್ತು. ಮಹಿಳೆಯರ ಫೈನಲ್‌ನಲ್ಲಿ ಭಾರತ ನೇಪಾಳವನ್ನು 78-40ರಿಂದ ಸೋಲಿಸಿತು. ಒಂದೇ ತಂಡ, ಒಂದೇ ಗೆಲುವು, ಆದರೆ ಗಡಿಯ ಆಚೆ 2.25 ಕೋಟಿ, ಈಚೆ 5 ಲಕ್ಷ. ಕ್ರಿಕೆಟಿಗನ ಹಾಗೆ ಜಾಹೀರಾತಿನ ಆದಾಯವಿಲ್ಲದ, ಆಟದ ಆಯಸ್ಸು ಕೆಲವೇ ವರ್ಷಗಳಾಗಿರುವ ಹಳ್ಳಿಯ ಆಟಗಾರರು ಈ ಅಂತರವನ್ನು ಎತ್ತಿ ತೋರಿಸಿದರೆ ಅದು ದುರಾಸೆಯಾಗುವುದು ಹೇಗೆ? ಕೈಗೆ ಬರಲಿದ್ದ ಹಣವನ್ನು ಬೇಡವೆನ್ನಲು ಧೈರ್ಯ ಬೇಕು ಎಂಬುದನ್ನಾದರೂ ಟೀಕಾಕಾರರು ಒಪ್ಪಬೇಕು.

ಕರ್ನಾಟಕ ಸರ್ಕಾರ ತನ್ನ ಪ್ರತಿಷ್ಠಿತ ಕ್ರೀಡಾ ಪ್ರಶಸ್ತಿಗೆ ಏಕಲವ್ಯನ ಹೆಸರಿಟ್ಟಿದೆ. ಗುರುವಿಲ್ಲದೆ ಕಲಿತ ಛಲಕ್ಕಾಗಿ ಆ ಹೆಸರು ತಕ್ಕದ್ದೇ. ಆದರೆ ಏಕಲವ್ಯನ ಕಥೆಯಲ್ಲಿ ತಪ್ಪಿದ್ದುದು ಹೆಬ್ಬೆರಳು ಕೊಟ್ಟವನದಲ್ಲ, ಕೇಳಿದವನದು. ಹೆಬ್ಬೆರಳು ಕೊಡಲು ಒಪ್ಪದ ಇಂದಿನ ಏಕಲವ್ಯರನ್ನು ಉದ್ಧಟರೆಂದು ಕರೆಯುವುದು ಕಥೆಯನ್ನೇ ತಿರುಚಿದಂತೆ.

ನಿಯಮದ ತಪ್ಪು, ಗುಣದ ತಪ್ಪು

ಇನ್ನೊಂದು ಕಡೆ, ಶಿಕ್ಷೆಗೊಳಗಾದವರೆಲ್ಲ ಚಾರಿತ್ರ್ಯಹೀನರೇ ಎಂಬ ಪ್ರಶ್ನೆಯಿದೆ. ಉಡುಪಿ ಜಿಲ್ಲೆಯ ಸಿದ್ದಾಪುರ ಸಮೀಪದ ಜನ್ಸಾಲೆಯ ಅಶ್ವಿನಿ ಅಕ್ಕುಂಜಿ 2010ರಲ್ಲಿ ನಾಡಿನ ಮನೆಮಾತಾಗಿದ್ದರು. ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ 4x400 ಮೀಟರ್ ರಿಲೇಯಲ್ಲಿ ಚಿನ್ನ, ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ ಅವರದಾಗಿತ್ತು. 2011ರಲ್ಲಿ ಅವರೂ ಸೇರಿದಂತೆ ಹಲವು ಓಟಗಾರ್ತಿಯರ ಮಾದರಿಗಳಲ್ಲಿ ನಿಷೇಧಿತ ಸ್ಟೆರಾಯ್ಡ್ ಅಂಶ ಪತ್ತೆಯಾಯಿತು. ವಿದೇಶಿ ಕೋಚ್ ಯೂರಿ ಒಗೊರೊದ್ನಿಕ್ ಒದಗಿಸಿದ ಜಿನ್‌ಸೆಂಗ್ ಪೂರಕವೇ ಇದಕ್ಕೆ ಕಾರಣವೆಂದು ಓಟಗಾರ್ತಿಯರು ವಾದಿಸಿದರು. ಕೋಚ್ ವಜಾಗೊಂಡರು. ದೇಶದ ಶಿಸ್ತು ಸಮಿತಿ ಒಂದು ವರ್ಷದ ನಿಷೇಧ ವಿಧಿಸಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ ಸಂಸ್ಥೆಯ ಮೇಲ್ಮನವಿಯಂತೆ ಕ್ರೀಡಾ ನ್ಯಾಯಮಂಡಳಿ 2012ರಲ್ಲಿ ಅದನ್ನು ಎರಡು ವರ್ಷಕ್ಕೆ ಏರಿಸಿತು.

ಉದ್ದೀಪನ ಮದ್ದು ತಡೆ ನಿಯಮದ ಪ್ರಕಾರ ದೇಹದೊಳಗೆ ಸೇರುವ ಪ್ರತಿಯೊಂದಕ್ಕೂ ಆಟಗಾರರೇ ಹೊಣೆ. ಯಾರು ಕೊಟ್ಟರು, ಗೊತ್ತಿತ್ತೇ ಎಂಬುದು ಶಿಕ್ಷೆಯ ಪ್ರಮಾಣಕ್ಕೆ ಸಂಬಂಧಿಸಿದ ಮಾತು. ಆಟದ ಶುದ್ಧಿಗೆ ಇಂಥ ಕಠಿಣ ನಿಯಮ ಬೇಕು. ಆದರೆ ಈ ನಿಯಮ ಅಳೆಯುವುದು ಹೊಣೆಯನ್ನು. ಕೋಚ್ ಕೊಟ್ಟದ್ದನ್ನು ನಂಬಿ ನುಂಗಿದ ಗ್ರಾಮೀಣ ಓಟಗಾರ್ತಿಗೂ, ತಿಳಿದೂ ಸೂಜಿ ಚುಚ್ಚಿಕೊಂಡವನಿಗೂ ಬೀಳುವ ಹಣೆಪಟ್ಟಿ ಒಂದೇ ಆಗಿರಬೇಕಾಗಿಲ್ಲ.

ಇದಕ್ಕೆ ತದ್ವಿರುದ್ಧವಾದ ಪ್ರಸಂಗವೂ ರಾಜ್ಯದಲ್ಲೇ ನಡೆದಿದೆ. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಪಂದ್ಯಗಳಲ್ಲಿ ಫಿಕ್ಸಿಂಗ್ ನಡೆದಿದೆಯೆಂಬ ಆರೋಪದ ಮೇಲೆ ಬೆಂಗಳೂರು ಪೊಲೀಸರು ಕೆಲವು ಆಟಗಾರರನ್ನು ಬಂಧಿಸಿದರು. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಈ ಪ್ರಕರಣವನ್ನು ರದ್ದುಪಡಿಸಿತು. ಪಂದ್ಯ ಫಿಕ್ಸಿಂಗ್ ಭಾರತೀಯ ದಂಡ ಸಂಹಿತೆಯ 420ನೇ ಕಲಮಿನ ವಂಚನೆಯ ವ್ಯಾಖ್ಯೆಗೆ ಒಳಪಡುವುದಿಲ್ಲವೆಂದು ಹೇಳಿದ ನ್ಯಾಯಾಲಯ, ಅಂಥ ಕೃತ್ಯ ಅಪ್ರಾಮಾಣಿಕತೆ ಹಾಗೂ ಅಶಿಸ್ತನ್ನು ತೋರಬಹುದು, ಆ ಬಗ್ಗೆ ಕ್ರಮ ಕೈಗೊಳ್ಳಬೇಕಾದುದು ಕ್ರಿಕೆಟ್ ಮಂಡಳಿ ಎಂಬ ಅಭಿಪ್ರಾಯವನ್ನೂ ದಾಖಲಿಸಿತು. ಅಂದರೆ ಅಪರಾಧವಲ್ಲದ್ದೆಲ್ಲ ಸದ್ಗುಣವಲ್ಲ, ಶಿಕ್ಷೆಗೊಳಗಾದದ್ದೆಲ್ಲ ದುರ್ಗುಣವೂ ಅಲ್ಲ. ಕಾನೂನಿನ ಪುಸ್ತಕ ಒಂದು, ನಡತೆಯ ಪುಸ್ತಕ ಇನ್ನೊಂದು.

ನೊಂದವರು ಯಾರು?

ಹಾಗಾದರೆ ಆಟಗಾರನ ಖಾಸಗಿ ಮಾತು, ವರ್ತನೆ ಯಾರ ಪ್ರಶ್ನೆಗೂ ಒಳಪಡಬಾರದೇ? ಒಳಪಡಬೇಕಾದ ಸಂದರ್ಭಗಳಿವೆ. ಇತರರಿಗೆ ನೋವು, ಅವಮಾನ ಉಂಟುಮಾಡಿದಾಗ ಆಟದ ಪ್ರತಿಭೆ ರಕ್ಷಾಕವಚವಾಗಕೂಡದು.

2019ರ ಜನವರಿಯಲ್ಲಿ ಪ್ರಸಾರವಾದ ಟಿವಿ ಕಾರ್ಯಕ್ರಮವೊಂದರಲ್ಲಿ ಹಾರ್ದಿಕ್ ಪಾಂಡ್ಯ ಮತ್ತು ಕರ್ನಾಟಕದ ಕೆ.ಎಲ್. ರಾಹುಲ್ ಆಡಿದ ಮಾತುಗಳು ಮಹಿಳೆಯರಿಗೆ ಅಗೌರವ ತರುವಂಥವೆಂಬ ಟೀಕೆ ಎದ್ದಿತು. ಇಬ್ಬರನ್ನೂ ಅಮಾನತುಗೊಳಿಸಿ ಆಸ್ಟ್ರೇಲಿಯಾ ಪ್ರವಾಸದಿಂದ ಮರಳಿ ಕರೆಸಲಾಯಿತು. ಅಮಾನತು ತಿಂಗಳೊಳಗೇ ತೆರವಾಯಿತು. ಏಪ್ರಿಲ್‌ನಲ್ಲಿ ಮಂಡಳಿಯ ಒಂಬುಡ್ಸ್‌ಮನ್ ಡಿ.ಕೆ. ಜೈನ್ ತಲಾ 20 ಲಕ್ಷ ರೂಪಾಯಿ ದಂಡ ವಿಧಿಸಿದರು. ಅದರಲ್ಲಿ 10 ಲಕ್ಷ ಹುತಾತ್ಮರಾದ ಅರೆಸೇನಾ ಪಡೆಯ ಕಾನ್‌ಸ್ಟೆಬಲ್‌ಗಳ ಕುಟುಂಬಗಳಿಗೆ, 10 ಲಕ್ಷ ಅಂಧರ ಕ್ರಿಕೆಟ್ ನಿಧಿಗೆ ಸೇರಬೇಕಿತ್ತು. ಉದ್ದೇಶ ಒಳ್ಳೆಯದೇ. ಆದರೆ ಅವಮಾನವಾದದ್ದು ಮಹಿಳೆಯರಿಗೆ. ಪರಿಹಾರದ ಪಟ್ಟಿಯಲ್ಲಿ ಅವರ ಕ್ರೀಡೆಯ ಹೆಸರೇ ಇರಲಿಲ್ಲ ಎಂಬುದು ಆಗ ಹೆಚ್ಚು ಚರ್ಚೆಯಾಗಲಿಲ್ಲ.

ರಾಹುಲ್ ಮುಂದೆ 2022ರಲ್ಲಿ ಬಡ ಕುಟುಂಬದ ಬಾಲಕನೊಬ್ಬನ ಅಸ್ಥಿಮಜ್ಜೆ ಕಸಿ ಚಿಕಿತ್ಸೆಗೆ 31 ಲಕ್ಷ ರೂಪಾಯಿ ನೀಡಿದರು. ಟಿವಿ ಪ್ರಸಂಗ ತಮ್ಮನ್ನು ಬಹಳವಾಗಿ ಬದಲಿಸಿತೆಂದು 2024ರಲ್ಲಿ ಸಂದರ್ಶನವೊಂದರಲ್ಲಿ ಹೇಳಿಕೊಂಡರು. ದಾನದಿಂದ ಹಳೆಯ ಮಾತು ಅಳಿಸಿಹೋಗುವುದಿಲ್ಲ. ಹಳೆಯ ಮಾತಿನಿಂದ ದಾನ ಸುಳ್ಳಾಗುವುದೂ ಇಲ್ಲ. ಎರಡನ್ನೂ ಒಂದೇ ಲೆಕ್ಕದ ಪುಸ್ತಕದಲ್ಲಿ ಕೂಡಿ ಕಳೆಯುವ ಬದಲು, ಎರಡನ್ನೂ ಇದ್ದಂತೆ ಒಪ್ಪಿಕೊಳ್ಳುವುದೇ ಪ್ರಾಮಾಣಿಕ ಮಾರ್ಗ. ಎಡವಿದ ಬಳಿಕ ಮನುಷ್ಯ ಹೇಗೆ ನಡೆದ ಎಂಬುದು ಎಡವಿದ್ದಕ್ಕಿಂತ ಹೆಚ್ಚು ಹೇಳುತ್ತದೆ.

ಇಲ್ಲಿ ಇನ್ನೊಂದು ಅಸಮತೆಯನ್ನೂ ಗಮನಿಸಬೇಕು. ಪುರುಷ ಆಟಗಾರ ಮಾತಾಡಿ ಕೆಟ್ಟರೆ ಅದು ಪ್ರಾಯದ ಹುಡುಗಾಟವೆನಿಸುತ್ತದೆ. ಮಹಿಳಾ ಆಟಗಾರ್ತಿಯ ವಿಷಯದಲ್ಲಿ ಆಕೆಯ ಉಡುಪು, ಯಾರ ಜತೆ ನಿಂತಳು, ಎಷ್ಟು ಹೊತ್ತಿಗೆ ಮನೆಗೆ ಬಂದಳು ಎಂಬುದೂ ನಡತೆಯ ತೂಕಕ್ಕೆ ಬರುತ್ತದೆ. ಯಾರಿಗೂ ಕೇಡಾಗದ ಇಂಥ ಸಂಗತಿಗಳಿಗೆ ಚಾರಿತ್ರ್ಯದ ಹೆಸರು ಕೊಡುವುದರಿಂದ ಎಷ್ಟೋ ಹೆಣ್ಣುಮಕ್ಕಳ ಆಟ ಪ್ರೌಢಶಾಲೆಯ ಮೈದಾನಕ್ಕೇ ಮುಗಿದುಹೋಗುತ್ತದೆ.

ಸರಿಯಾದ ತಕ್ಕಡಿ

ಮೇಲಿನ ಪ್ರಸಂಗಗಳಿಂದ ಕೆಲವು ಸೂತ್ರಗಳನ್ನು ಹೊರತೆಗೆಯಬಹುದು. ನಡೆ ಒಮ್ಮೆಯದೋ, ಪದೇ ಪದೇ ಕಂಡದ್ದೋ ಎಂಬುದು ಮೊದಲ ಪ್ರಶ್ನೆ. ಅದರಿಂದ ಆಟಗಾರನಿಗೆ ಲಾಭವಾಯಿತೋ, ಆತ ಬೆಲೆ ತೆತ್ತನೋ ಎಂಬುದು ಎರಡನೆಯದು. ನೊಂದವರು ಯಾರಾದರೂ ಇದ್ದಾರೆಯೇ, ಅಥವಾ ಅಧಿಕಾರದಲ್ಲಿರುವವರ ಅಹಂಗೆ ಮಾತ್ರ ಪೆಟ್ಟು ಬಿದ್ದಿದೆಯೇ ಎಂಬುದು ಮೂರನೆಯದು. ತಪ್ಪಿನ ಬಳಿಕ ನಡತೆ ಬದಲಾಯಿತೇ ಎಂಬುದು ಕೊನೆಯದು. ಈ ನಾಲ್ಕಕ್ಕೂ ಉತ್ತರ ತಿಳಿಯದೆ ಕೊಡುವ ತೀರ್ಪು ಅಭಿಮಾನವೋ ದ್ವೇಷವೋ ಆಗಿರುತ್ತದೆಯೇ ಹೊರತು ವಿಮರ್ಶೆಯಾಗುವುದಿಲ್ಲ.

ದೂರದ ತಾರೆಯರನ್ನು ತೂಗುವ ಮೊದಲು ಈ ಅಳತೆಯನ್ನು ಹತ್ತಿರದ ಮೈದಾನಗಳಲ್ಲಿ ಬಳಸಿದರೆ ಹೆಚ್ಚು ಪ್ರಯೋಜನ. ತಾಲ್ಲೂಕು ಮಟ್ಟದ ಕ್ರೀಡಾಕೂಟಗಳಲ್ಲಿ ಗೆದ್ದ ತಂಡಕ್ಕೆ ಕಪ್ ಸಿಗುತ್ತದೆ. ಗೆರೆ ತುಳಿದದ್ದನ್ನು ತಾನಾಗಿ ಒಪ್ಪಿಕೊಂಡು ಹೊರನಡೆದ ಕಬಡ್ಡಿ ಆಟಗಾರನಿಗೆ ಸಾಮಾನ್ಯವಾಗಿ ಸಿಗುವುದು ತನ್ನದೇ ತಂಡದವರ ಬೈಗುಳ. ಶಿಬಿರದಲ್ಲಿ ಊಟ ಸರಿಯಿಲ್ಲವೆಂದು ಹೇಳಿದ ಹುಡುಗಿಗೆ ಸಿಗುವುದು ಜಗಳಗಂಟಿ ಎಂಬ ಹೆಸರು. ಮೊದಲನೆಯವನಲ್ಲಿ ವಿಶ್ವನಾಥ್ ಅವರ ಗುಣವಿದೆ, ಎರಡನೆಯವಳಲ್ಲಿ ವಿಶ್ವಕಪ್ ಗೆದ್ದು ಬಂದೂ ತಮ್ಮ ಹಕ್ಕು ಕೇಳಿದವರ ಧೈರ್ಯವಿದೆ. ಇವೆರಡನ್ನೂ ದೈಹಿಕ ಶಿಕ್ಷಕರು, ಸಂಘಟಕರು ಮತ್ತು ಪೋಷಕರು ಗುರುತಿಸಿ ಬೆನ್ನು ತಟ್ಟದ ಹೊರತು, ಟಿವಿಯಲ್ಲಿ ಕಾಣುವ ಆಟಗಾರರಿಂದ ಸಚ್ಚಾರಿತ್ರ್ಯವನ್ನು ನಿರೀಕ್ಷಿಸುವ ಹಕ್ಕು ಯಾರಿಗೂ ಇರುವುದಿಲ್ಲ.